ಪರದೆ ಮೇಲೆ 7.2, ರಿಪೋರ್ಟ್‌ನಲ್ಲಿ 12.7: ಡೇಟಾ ಬೈಂಡಿಂಗ್ ಎಲ್ಲಿ ಕೈಕೊಡುತ್ತೆ?

ಇದು ನಮ್ಮ ಟೆಕ್ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಇವತ್ತಿನ ವಿಷಯ ನಿಮ್ಮ ಕೈಯಲ್ಲಿರೋ ಫೋನ್ ಅಲ್ಲ, ಕೌಂಟರ್ ಆಚೆ ಇರೋ ಕಂಪ್ಯೂಟರ್. ಔಷಧಿ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬ್, ಗೊಬ್ಬರದ ಅಂಗಡಿ, ಸೊಸೈಟಿ ಬ್ಯಾಂಕ್. ಇಂಥ ಕಡೆ ನಿಮ್ಮ ಹೆಸರು, ನಿಮ್ಮ ದುಡ್ಡು, ನಿಮ್ಮ ರಕ್ತದ ಲೆಕ್ಕ ಎಲ್ಲವನ್ನೂ ಯಾರೋ ಒಬ್ಬರು ವಿಂಡೋಸ್ ಕಂಪ್ಯೂಟರಿನಲ್ಲಿ, ಬಾಕ್ಸ್ ಬಾಕ್ಸ್ ಇರೋ ಒಂದು ಫಾರ್ಮ್‌ಗೆ ಟೈಪ್ ಮಾಡ್ತಾ ಇರ್ತಾರೆ. ಆ ಬಾಕ್ಸ್‌ಗೂ ಒಳಗಿನ ಡೇಟಾಗೂ ಇರೋ ನಂಟಿನ ಹೆಸರು ಡೇಟಾ ಬೈಂಡಿಂಗ್. ಇವತ್ತು ಅದರ ಕಥೆ.

ಒಂದು ಲ್ಯಾಬ್ ಅಂದುಕೊಳ್ಳಿ. ಟೆಕ್ನಿಷಿಯನ್ ಒಬ್ಬರು ರೋಗಿಯ ಹಿಮೋಗ್ಲೋಬಿನ್ ಬಾಕ್ಸ್‌ನಲ್ಲಿ 12.7 ಅಂತ ಟೈಪ್ ಮಾಡಿ ಮುಂದಿನ ಬಾಕ್ಸ್‌ಗೆ ಹೋದರು. ಆಮೇಲೆ ಮಷೀನಿನ ಚೀಟಿ ನೋಡ್ತಾರೆ, ಅದರಲ್ಲಿರೋದು 7.2. ವಾಪಸ್ ಬಂದು ಅಳಿಸಿ, 7.2 ಅಂತ ತಿದ್ದಿ, ಮೇಲಿನ ಟೂಲ್‌ಬಾರ್‌ನಲ್ಲಿರೋ ಸೇವ್ ಒತ್ತಿದರು. ಪರದೆ ಮೇಲೆ 7.2 ಸ್ಪಷ್ಟವಾಗಿ ಕಾಣ್ತಾ ಇದೆ. ಪ್ರಿಂಟ್ ಆಗಿ ಬಂದ ರಿಪೋರ್ಟ್‌ನಲ್ಲಿ 12.7.

ಇದು ಸಣ್ಣ ವಿಷಯ ಅಲ್ಲ. ಗರ್ಭಿಣಿಯರನ್ನು ಬಿಟ್ಟು ಉಳಿದ ವಯಸ್ಕ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಅನ್ನುತ್ತೆ, 8ಕ್ಕಿಂತ ಕಡಿಮೆ ಆದರೆ ತೀವ್ರ ರಕ್ತಹೀನತೆ. ಒಂದು ನಂಬರ್ ಇದ್ದರೆ ತಕ್ಷಣ ಚಿಕಿತ್ಸೆ ಶುರುವಾಗಬೇಕು, ಇನ್ನೊಂದು ಇದ್ದರೆ "ಏನೂ ತೊಂದರೆ ಇಲ್ಲಮ್ಮ, ಮನೆಗೆ ಹೋಗಿ". ಟೆಕ್ನಿಷಿಯನ್ ಸರಿಯಾಗೇ ತಿದ್ದಿದ್ದಾರೆ, ಕಂಪ್ಯೂಟರ್ ಕೆಟ್ಟಿಲ್ಲ, ವೈರಸ್ ಇಲ್ಲ. ಹಾಗಾದ್ರೆ ಆಗಿದ್ದೇನು?

ಒಂದೇ ನಂಬರ್, ಎರಡು ಕಡೆ

ಫಾರ್ಮ್‌ನಲ್ಲಿ ಕಾಣೋ ನಂಬರ್ ಮತ್ತು ಪ್ರೋಗ್ರಾಂ ಇಟ್ಟುಕೊಂಡಿರೋ ನಂಬರ್ ಒಂದೇ ಅಲ್ಲ. ಟೆಕ್ಸ್ಟ್ ಬಾಕ್ಸ್ ತನ್ನದೇ ಒಂದು ಪ್ರತಿ ಇಟ್ಟುಕೊಂಡಿರುತ್ತೆ, ಅದು ಬರೀ ಅಕ್ಷರಗಳ ಸಾಲು. ಒಳಗೆ, ರೋಗಿಯ ವಿವರ ಇರೋ ಆಬ್ಜೆಕ್ಟ್‌ನಲ್ಲಿ ಇನ್ನೊಂದು ಪ್ರತಿ ಇರುತ್ತೆ, ಅದು ನಿಜವಾದ ಸಂಖ್ಯೆ. ಡೇಟಾಬೇಸ್‌ಗೆ ಹೋಗೋದು, ಪ್ರಿಂಟ್ ಆಗೋದು ಒಳಗಿನದ್ದು. ಮನುಷ್ಯ ನೋಡೋದು ಹೊರಗಿನದ್ದು.

ಹಿಂದೆಲ್ಲ ಈ ಎರಡನ್ನೂ ಪ್ರೋಗ್ರಾಮರ್ ಕೈಯಾರೆ ಹೊಂದಿಸಬೇಕಿತ್ತು. ಫಾರ್ಮ್ ತೆರೆದಾಗ ಒಳಗಿನಿಂದ ಬಾಕ್ಸ್‌ಗೆ ಕಾಪಿ, ಸೇವ್ ಒತ್ತಿದಾಗ ಬಾಕ್ಸ್‌ನಿಂದ ಒಳಗೆ ಕಾಪಿ. ನಾಲ್ಕು ಬಾಕ್ಸ್ ಇದ್ದರೆ ಎಂಟು ಸಾಲು ಕೋಡ್, ಮುಗೀತು. ನಲವತ್ತು ಬಾಕ್ಸ್ ಇದ್ದರೆ? ಅದರಲ್ಲಿ ಒಂದು ಬದಲಾದರೆ ಇನ್ನು ಮೂರು ಬದಲಾಗಬೇಕು ಅಂದರೆ? ಹೊಸಬರು ಬಂದು ನಲವತ್ತೊಂದನೇ ಬಾಕ್ಸ್ ಸೇರಿಸಿ, ಕಾಪಿ ಮಾಡೋ ಎರಡು ಸಾಲಲ್ಲಿ ಒಂದನ್ನು ಮರೆತರೆ? ಆಫೀಸ್ ಸಾಫ್ಟ್‌ವೇರ್‌ಗಳಲ್ಲಿ ಬಗ್‌ಗಳು ಹುಟ್ತಾ ಇದ್ದ ಜಾಗ ಇದೇ.

ಬೈಂಡಿಂಗ್ ಹೇಳೋದು ಏನಂದ್ರೆ, "ಕಾಪಿ ಮಾಡು" ಅಂತ ಬರೀಬೇಡ, "ಈ ಬಾಕ್ಸ್ ಆ ಡೇಟಾದ್ದು" ಅಂತ ಒಂದು ಸಲ ಬರೆದುಬಿಡು, ಕಾಪಿ ಮಾಡೋ ಕೆಲಸ ನಂಗೆ ಬಿಡು. ಐಡಿಯಾ ಹಳೇದು. 1993ರ ವಿಷುಯಲ್ ಬೇಸಿಕ್ 3ರಲ್ಲೇ ಡೇಟಾಬೇಸ್‌ಗೆ ನೇರವಾಗಿ ಕಟ್ಟಿದ ಬಾಕ್ಸ್‌ಗಳಿದ್ದವು. 2002ರಲ್ಲಿ ಬಂದ ವಿಂಡೋಸ್ ಫಾರ್ಮ್ಸ್‌ನಲ್ಲೂ ಇತ್ತು. ಆದರೆ ಇದನ್ನು ಇಡೀ ಕಟ್ಟಡದ ಪಾಯ ಮಾಡಿದ್ದು ಡಬ್ಲ್ಯೂಪಿಎಫ್, ಅಂದರೆ ವಿಂಡೋಸ್ ಪ್ರೆಸೆಂಟೇಶನ್ ಫೌಂಡೇಶನ್. 2006ರ ನವೆಂಬರ್‌ನಲ್ಲಿ ಡಾಟ್ ನೆಟ್ ಫ್ರೇಮ್‌ವರ್ಕ್ 3.0 ಜೊತೆ ಬಂತು, 2018ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಓಪನ್ ಸೋರ್ಸ್ ಮಾಡ್ತು. ಇವತ್ತಿಗೂ ಬಳಕೆಯಲ್ಲಿದೆ. ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ "ಇದನ್ನ ಮೇಂಟೇನ್ ಮಾಡಪ್ಪ" ಅಂತ ನಿಮ್ಮ ಕೈಗೆ ಒಂದು ಡಬ್ಲ್ಯೂಪಿಎಫ್ ಪ್ರಾಜೆಕ್ಟ್ ಬಂದರೆ ಆಶ್ಚರ್ಯ ಏನಿಲ್ಲ.

ಕೋಡನ್ನು ಕಿವಿಯಲ್ಲಿ ಕೇಳೋದು ಕಷ್ಟ, ಗೊತ್ತು. ಆದರೆ ಇದು ಒಂದೇ ಸಾಲು. ಡಬ್ಲ್ಯೂಪಿಎಫ್‌ನಲ್ಲಿ ಪರದೆಯನ್ನು ಝ್ಯಾಮಲ್ ಅನ್ನೋ ಭಾಷೆಯಲ್ಲಿ ಬರೀತಾರೆ, ನೋಡೋಕೆ ಎಚ್‌ಟಿಎಂಎಲ್ ಥರಾನೇ. ಅದರಲ್ಲಿ ಟೆಕ್ಸ್ಟ್ ಬಾಕ್ಸ್ ಅಂತ ಬರೆದು, ಅದರ ಟೆಕ್ಸ್ಟ್ ಅನ್ನೋ ಪ್ರಾಪರ್ಟಿಗೆ ಬೆಲೆಯಾಗಿ ಕರ್ಲಿ ಬ್ರಾಕೆಟ್ ಒಳಗೆ "ಬೈಂಡಿಂಗ್ ಹಿಮೋಗ್ಲೋಬಿನ್" ಅಂತ ಬರೆದರೆ ಆಯ್ತು. ಒಂದು ತುದಿಯಲ್ಲಿ ಬಾಕ್ಸಿನ ಪ್ರಾಪರ್ಟಿ, ಅದಕ್ಕೆ ಟಾರ್ಗೆಟ್ ಅಂತಾರೆ. ಇನ್ನೊಂದು ತುದಿಯಲ್ಲಿ ನಿಮ್ಮ ಆಬ್ಜೆಕ್ಟಿನ ಪ್ರಾಪರ್ಟಿ, ಅದು ಸೋರ್ಸ್. ಆ ಆಬ್ಜೆಕ್ಟ್ ಯಾವುದು ಅನ್ನೋದನ್ನು ಪ್ರತಿ ಬಾಕ್ಸ್‌ಗೂ ಹೇಳಬೇಕಿಲ್ಲ. ಇಡೀ ಕಿಟಕಿಗೆ ಒಂದು ಸಲ ಡೇಟಾ ಕಾಂಟೆಕ್ಸ್ಟ್ ಅಂತ ಕೊಟ್ಟರೆ ಒಳಗಿನ ಎಲ್ಲ ಬಾಕ್ಸ್‌ಗಳಿಗೂ ಅದೇ ಇಳಿದು ಬರುತ್ತೆ, ಅಪ್ಪನ ಇನಿಷಿಯಲ್ ಮಕ್ಕಳಿಗೆ ಬಂದ ಹಾಗೆ.

ಟೆಕ್ಸ್ಟ್ ಮಾತ್ರ ಅಲ್ಲ. ಬಣ್ಣ, ಅಗಲ, ಬಟನ್ ಒತ್ತೋಕೆ ಬರಬೇಕಾ ಬೇಡವಾ, ಬಾಕ್ಸ್ ಕಾಣಬೇಕಾ ಮುಚ್ಚಬೇಕಾ, ಹೀಗೆ ಕಂಟ್ರೋಲಿನ ಹೆಚ್ಚುಕಮ್ಮಿ ಯಾವ ಪ್ರಾಪರ್ಟಿಯನ್ನಾದರೂ ಡೇಟಾಗೆ ಕಟ್ಟಬಹುದು. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಆದರೆ ಬಾಕ್ಸ್ ಕೆಂಪಾಗಲಿ ಅಂತ ಇದ್ದರೆ, ಸಂಖ್ಯೆಯನ್ನು ಬಣ್ಣಕ್ಕೆ ಬದಲಾಯಿಸೋ ಒಂದು ಚಿಕ್ಕ ಕನ್ವರ್ಟರ್ ಬರೆದು ಮಧ್ಯೆ ಇಟ್ಟರೆ ಸಾಕು. ಈ ಅನುಕೂಲ ಒಂದು ಸಲ ಕೈಗೆ ಹತ್ತಿದ ಮೇಲೆ ಹಳೇ ಥರ ಕೋಡ್ ಬರೆಯೋಕೆ ಮನಸ್ಸೇ ಬರಲ್ಲ, ನಿಜ ಹೇಳ್ತೀನಿ.

ಸ್ಕೋರರ್ ಕೂಗದಿದ್ದರೆ

ಊರಿನ ಕ್ರಿಕೆಟ್ ಟೂರ್ನಮೆಂಟ್ ನೆನಪಿಸಿಕೊಳ್ಳಿ. ಶಾಮಿಯಾನದ ಕೆಳಗೆ ಸ್ಕೋರರ್ ಪುಸ್ತಕದಲ್ಲಿ ಬರೀತಾ ಇರ್ತಾರೆ. ಆಚೆ ಒಬ್ಬ ಹುಡುಗ ಬೋರ್ಡ್ ಹತ್ತಿರ ನಂಬರ್ ಪ್ಲೇಟ್ ಹಿಡ್ಕೊಂಡು ನಿಂತಿರ್ತಾನೆ. ಸ್ಕೋರರ್ "ಎಪ್ಪತ್ತೆರಡು" ಅಂತ ಕೂಗಿದರೆ ಹುಡುಗ ಪ್ಲೇಟ್ ಬದಲಾಯಿಸ್ತಾನೆ. ಕೂಗದೆ ಸುಮ್ಮನೆ ಪುಸ್ತಕದಲ್ಲಿ ಬರೆದುಕೊಂಡರೆ ಬೋರ್ಡ್ ಹಾಗೇ ಇರುತ್ತೆ.

ಡಬ್ಲ್ಯೂಪಿಎಫ್‌ನಲ್ಲೂ ಇದೇ ವ್ಯವಸ್ಥೆ. ಸೋರ್ಸ್ ಬದಲಾದಾಗ "ನನ್ನ ಹಿಮೋಗ್ಲೋಬಿನ್ ಬದಲಾಯ್ತು" ಅಂತ ಅದು ಕೂಗಬೇಕು. ಆ ಕೂಗಿಗೆ ಪ್ರಾಪರ್ಟಿ ಚೇಂಜ್ಡ್ ಅನ್ನೋ ಈವೆಂಟ್ ಇದೆ. ಕೂಗಿದರೆ ಬೈಂಡಿಂಗ್ ಕೇಳಿಸ್ಕೊಂಡು ಪರದೆ ಬದಲಾಯಿಸುತ್ತೆ. ಕೂಗೋ ಸಾಲನ್ನು ನೀವು ಬರೆಯದೇ ಇದ್ದರೆ, ಡೇಟಾ ಬದಲಾದರೂ ಪರದೆ ಹಳೇ ನಂಬರನ್ನೇ ತೋರಿಸ್ಕೊಂಡು ಕೂತಿರುತ್ತೆ. ಪಟ್ಟಿಗಳದ್ದೂ ಇದೇ ಕಥೆ. ಇವತ್ತು ಬಂದ ರೋಗಿಗಳ ಲಿಸ್ಟ್‌ಗೆ ಹೊಸಬರನ್ನು ಸೇರಿಸಿದರೂ ಪರದೆ ಮೇಲೆ ಬರ್ತಿಲ್ಲ ಅಂದರೆ, ನೀವು ಬಳಸಿರೋದು ಸಾಮಾನ್ಯ ಲಿಸ್ಟ್ ಇರಬೇಕು. ಸೇರಿಸಿದಾಗ, ತೆಗೆದಾಗ ಕೂಗೋ ಪಟ್ಟಿ ಬೇರೆ ಇದೆ, ಅದರ ಹೆಸರು ಅಬ್ಸರ್ವಬಲ್ ಕಲೆಕ್ಷನ್.

ನಿಜವಾಗಿ ಎಡವೋದು ಲೆಕ್ಕ ಹಾಕಿ ಬರೋ ನಂಬರ್‌ಗಳಲ್ಲಿ. ರಕ್ತ ಪರೀಕ್ಷೆಯಲ್ಲಿ ಎಂಸಿವಿ ಅಂತ ಒಂದು ಅಂಕಿ ಇರುತ್ತೆ, ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ. ಪಿಸಿವಿಯನ್ನು 10ರಿಂದ ಗುಣಿಸಿ, ಕೆಂಪು ಕಣಗಳ ಎಣಿಕೆಯಿಂದ ಭಾಗಿಸಿದರೆ ಅದು ಸಿಗುತ್ತೆ. ಪಿಸಿವಿ 36, ಎಣಿಕೆ 4.5 ಇದ್ದರೆ ಎಂಸಿವಿ 80. ಈಗ ಎಣಿಕೆಯನ್ನು 4.0 ಅಂತ ತಿದ್ದಿದರು ಅಂದುಕೊಳ್ಳಿ. ಎಂಸಿವಿ 90 ಆಗಬೇಕು. ಆದರೆ ಎಣಿಕೆಯ ಪ್ರಾಪರ್ಟಿ ಕೂಗೋದು "ಎಣಿಕೆ ಬದಲಾಯ್ತು" ಅಂತ ಮಾತ್ರ. ಎಂಸಿವಿ ಪರವಾಗಿ ಯಾರೂ ಕೂಗಲಿಲ್ಲ. ಪರದೆ ಮೇಲೆ 4.0 ಪಕ್ಕದಲ್ಲೇ 80 ಕೂತಿರುತ್ತೆ. ಎರಡೂ ಅಂಕಿ ನೋಡೋಕೆ ಸಹಜವಾಗೇ ಇವೆ. ಕ್ಯಾಲ್ಕುಲೇಟರ್ ಹಿಡಿದು ಕೂತವರಿಗೆ ಮಾತ್ರ ತಪ್ಪು ಗೊತ್ತಾಗೋದು.

ಎಕ್ಸೆಲ್‌ನಲ್ಲಿ ಹೀಗೆ ಆಗಲ್ವಲ್ಲ ಅಂತ ಕೇಳಬಹುದು. ಹೌದು, ಆಗಲ್ಲ. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರ್ಯಾಂಕ್‌ಸ್ಟನ್ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಮಾಡಿದಾಗಿನಿಂದಲೂ ಸ್ಪ್ರೆಡ್‌ಶೀಟಿನ ಮಜಾ ಇರೋದೇ ಇಲ್ಲಿ: ಒಂದು ಮನೆಯ ಅಂಕಿ ಬದಲಾಯಿಸಿದರೆ ಅದನ್ನು ನಂಬಿರೋ ಉಳಿದ ಮನೆಗಳ ಲೆಕ್ಕ ಮತ್ತೆ ಆಗುತ್ತೆ. ಕ್ಯೂಟಿ ಅನ್ನೋ ಇನ್ನೊಂದು ಡೆಸ್ಕ್‌ಟಾಪ್ ಟೂಲ್‌ಕಿಟ್‌ನ ಕ್ಯೂಎಂಎಲ್ ಭಾಷೆಯೂ ಜಾಣ. ಅದರಲ್ಲಿ ಪಿಸಿವಿ ಗುಣಿಸು 10 ಭಾಗಿಸು ಎಣಿಕೆ ಅಂತ ಸೂತ್ರ ಬರೆದರೆ, ಎರಡರಲ್ಲಿ ಯಾವುದು ಬದಲಾದರೂ ತಾನೇ ಮತ್ತೆ ಲೆಕ್ಕ ಹಾಕುತ್ತೆ. ಡಬ್ಲ್ಯೂಪಿಎಫ್ ಆ ಕೆಲಸವನ್ನು ನಿಮ್ಮ ತಲೆ ಮೇಲೆ ಹಾಕಿದೆ. ಎಣಿಕೆ ಬದಲಾದಾಗ ಎರಡು ಸಲ ಕೂಗಬೇಕು, ಒಂದು ಎಣಿಕೆಗೆ, ಇನ್ನೊಂದು ಎಂಸಿವಿಗೆ. ನನ್ನ ಪ್ರಕಾರ ಇದು ಡಬ್ಲ್ಯೂಪಿಎಫ್‌ನ ದೊಡ್ಡ ಕೊರತೆ, ಇಷ್ಟು ವರ್ಷ ಆದರೂ ಹಾಗೇ ಇದೆ.

ಯಾವಾಗ ಕಾಪಿ ಆಗುತ್ತೆ?

ಈಗ ನಮ್ಮ 7.2ಕ್ಕೆ ಬರೋಣ.

ಬೈಂಡಿಂಗ್‌ಗೆ ದಿಕ್ಕು ಇದೆ. ಒಳಗಿನಿಂದ ಪರದೆಗೆ ಮಾತ್ರ ಹೋದರೆ ಒನ್ ವೇ. ಬರೀ ತೋರಿಸೋ ಟೆಕ್ಸ್ಟ್ ಬ್ಲಾಕ್‌ಗೆ ಅದು ಸಾಕು. ಎರಡೂ ಕಡೆ ಹೋದರೆ ಟೂ ವೇ. ಟೈಪ್ ಮಾಡೋ ಟೆಕ್ಸ್ಟ್ ಬಾಕ್ಸ್ ನೀವು ಏನೂ ಹೇಳದಿದ್ದರೂ ಟೂ ವೇ ಆಗಿರುತ್ತೆ. ಒಂದೇ ಸಲ ತೋರಿಸಿ ಮರೆತುಬಿಡೋ ಒನ್ ಟೈಮ್ ಅಂತಲೂ ಇದೆ, ಬಳಕೆ ಕಡಿಮೆ.

ದಿಕ್ಕಿನ ಜೊತೆ ಹೊತ್ತೂ ಇದೆ. ಪರದೆಯಿಂದ ಒಳಗೆ ಕಾಪಿ ಆಗೋದು ಯಾವಾಗ? ಚೆಕ್ ಬಾಕ್ಸ್‌ಗೆ ಟಿಕ್ ಹಾಕಿದ ತಕ್ಷಣ ಒಳಗೆ ಹೋಗುತ್ತೆ. ಟೆಕ್ಸ್ಟ್ ಬಾಕ್ಸ್ ಮಾತ್ರ ಬೇರೆ. ಅದು ಕಾಯುತ್ತೆ. ನೀವು ಆ ಬಾಕ್ಸ್ ಬಿಟ್ಟು ಆಚೆ ಹೋದಾಗ, ಅಂದರೆ ಫೋಕಸ್ ತಪ್ಪಿದಾಗ ಮಾತ್ರ ಒಳಗೆ ಕಳಿಸುತ್ತೆ. ಇದಕ್ಕೆ ಕಾರಣ ಇಲ್ಲದಿಲ್ಲ. ಒಂದೊಂದು ಅಕ್ಷರಕ್ಕೂ ಒಳಗೆ ಕಳಿಸಿದರೆ ಕೆಲಸ ನಿಧಾನ ಆಗಬಹುದು, ಅರ್ಧ ಟೈಪ್ ಮಾಡಿದ್ದನ್ನು ಅಳಿಸಿ ತಿದ್ದಿಕೊಳ್ಳೋ ಅವಕಾಶವೂ ಇರಲ್ಲ.

ಸರಿ, ಟೆಕ್ನಿಷಿಯನ್ ಸೇವ್ ಬಟನ್ ಒತ್ತಿದರಲ್ಲ, ಆಗ ಫೋಕಸ್ ತಪ್ಪಲೇಬೇಕಿತ್ತಲ್ವಾ? ಫಾರ್ಮ್ ಒಳಗೇ ಇರೋ ಮಾಮೂಲಿ ಬಟನ್ ಆಗಿದ್ದರೆ ತಪ್ಪುತ್ತಿತ್ತು. ಆದರೆ ಅದು ಟೂಲ್‌ಬಾರ್‌ನಲ್ಲಿತ್ತು. ಡಬ್ಲ್ಯೂಪಿಎಫ್‌ನಲ್ಲಿ ಟೂಲ್‌ಬಾರ್ ಮತ್ತು ಮೆನುಗಳಿಗೆ ತಮ್ಮದೇ ಪ್ರತ್ಯೇಕ ಫೋಕಸ್ ವಲಯ ಇದೆ. ಬೋಲ್ಡ್ ಬಟನ್ ಒತ್ತಿದಾಗ ನೀವು ಆರಿಸಿದ್ದ ಪದ ಕೈತಪ್ಪಬಾರದು, ಮತ್ತೆ ಅಲ್ಲೇ ಟೈಪ್ ಮಾಡೋಕೆ ಆಗಬೇಕು, ಅದಕ್ಕೋಸ್ಕರ ಈ ಏರ್ಪಾಡು. ಹಾಗಾಗಿ ಟೂಲ್‌ಬಾರ್ ಬಟನ್ ಒತ್ತಿದರೂ ಟೆಕ್ಸ್ಟ್ ಬಾಕ್ಸ್ ಲೆಕ್ಕದಲ್ಲಿ "ಫೋಕಸ್ ಇನ್ನೂ ನನ್ನ ಹತ್ತಿರಾನೇ ಇದೆ". ಕಂಟ್ರೋಲ್ ಎಸ್ ಒತ್ತಿದರಂತೂ ಕೇಳೋದೇ ಬೇಡ, ಕರ್ಸರ್ ಅಲ್ಲೇ ಮಿನುಗ್ತಾ ಇರುತ್ತೆ. 7.2 ಒಳಗೆ ಹೋಗಲೇ ಇಲ್ಲ. ಸೇವ್ ಆಗಿದ್ದು ಮೊದಲಿನ 12.7.

ಪ್ರತಿ ತುಂಡೂ ತನ್ನ ಪಾಡಿಗೆ ಸರಿಯಾಗಿದೆ, ನೋಡಿ. ಬಾಕ್ಸ್ ಕಾಯೋದು ಸರಿ, ಟೂಲ್‌ಬಾರ್ ಫೋಕಸ್ ಕಸಿಯದೇ ಇರೋದು ಸರಿ, ಸೇವ್ ಒಳಗಿನ ಡೇಟಾ ಉಳಿಸಿದ್ದೂ ಸರಿ. ಮೂರೂ ಸೇರಿದಾಗ ರೋಗಿಯ ಕೈಗೆ ತಪ್ಪು ರಿಪೋರ್ಟ್. ಪರೀಕ್ಷೆ ಮಾಡೋವಾಗ ಡೆವಲಪರ್‌ಗೆ ಇದು ಸಿಗೋದೂ ಕಷ್ಟ, ಯಾಕಂದ್ರೆ ಅವರು ಎಲ್ಲ ಬಾಕ್ಸ್ ತುಂಬಿ, ಟ್ಯಾಬ್ ಒತ್ತಿ ಒತ್ತಿ ಕೊನೆಗೆ ಸೇವ್‌ಗೆ ಬರ್ತಾರೆ. ಕೊನೇ ಗಳಿಗೆಯಲ್ಲಿ ಒಂದು ಬಾಕ್ಸ್ ತಿದ್ದಿ ನೇರವಾಗಿ ಸೇವ್ ಒತ್ತೋದು ಕೌಂಟರ್‌ನಲ್ಲಿ ಕ್ಯೂ ಇದ್ದಾಗ.

ಪರಿಹಾರ ಏನು? ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗೋದು, ಅಪ್‌ಡೇಟ್ ಸೋರ್ಸ್ ಟ್ರಿಗರ್ ಅನ್ನೋದನ್ನು ಪ್ರಾಪರ್ಟಿ ಚೇಂಜ್ಡ್ ಅಂತ ಮಾಡು, ಒಂದೊಂದು ಅಕ್ಷರಕ್ಕೂ ಒಳಗೆ ಹೋಗುತ್ತೆ ಅಂತ. ಹೆಸರಿನಂಥ ಬಾಕ್ಸ್‌ಗೆ ಇದು ಸರಿ. ದಶಮಾಂಶ ಇರೋ ಬಾಕ್ಸ್‌ಗೆ ಇದರಿಂದ ಹೊಸ ತೊಂದರೆ ಶುರು. 7 ಒತ್ತಿದಿರಿ, ಒಳಗೆ 7 ಹೋಯ್ತು. ಚುಕ್ಕೆ ಒತ್ತಿದಿರಿ, "7." ಅನ್ನೋದನ್ನು ಸಂಖ್ಯೆ ಮಾಡಿದರೆ ಮತ್ತೆ 7. ಡಾಟ್ ನೆಟ್ 4.5ರಿಂದ ಈಚೆಗೆ ಡಬ್ಲ್ಯೂಪಿಎಫ್ ಒಳಗಿನದ್ದನ್ನು ತಕ್ಷಣ ವಾಪಸ್ ಪರದೆಗೆ ತಂದು ಹೊಂದಿಸುತ್ತೆ, ಅಂದರೆ ಬಾಕ್ಸ್‌ನಲ್ಲಿ ಮತ್ತೆ ಬರೀ 7. ಚುಕ್ಕೆ ನಿಲ್ಲೋದೇ ಇಲ್ಲ. ಚೀಟಿ ನೋಡ್ಕೊಂಡು ವೇಗವಾಗಿ ಟೈಪ್ ಮಾಡೋ ಕೈಗೆ ಚುಕ್ಕೆ ಹೋಗಿದ್ದು ಗೊತ್ತಾಗುತ್ತಾ? ಡಿಲೇ ಅಂತ ಕೊಟ್ಟು ಅರ್ಧ ಸೆಕೆಂಡ್ ಕಾಯಿಸೋ ಉಪಾಯ ಇದೆ. ನಿಧಾನವಾಗಿ ಟೈಪ್ ಮಾಡೋರಿಗೆ ಅದೂ ಕೈಕೊಡುತ್ತೆ.

ನನಗೆ ಸರಿ ಅನ್ನಿಸೋದು ಎರಡು ದಾರಿ. ಒಂದು, ಸೇವ್ ಶುರು ಆಗೋ ಮೊದಲ ಸಾಲಲ್ಲೇ, ಈಗ ಫೋಕಸ್ ಇರೋ ಬಾಕ್ಸ್‌ನ ಬೈಂಡಿಂಗ್‌ಗೆ "ನಿನ್ನ ಹತ್ತಿರ ಇರೋದನ್ನು ಈಗಲೇ ಒಳಗೆ ಕಳಿಸು" ಅಂತ ಹೇಳೋದು. ಅದಕ್ಕೆ ಅಪ್‌ಡೇಟ್ ಸೋರ್ಸ್ ಅನ್ನೋ ಮೆಥಡ್ ಇದೆ. ಇನ್ನೊಂದು, ಬಾಕ್ಸನ್ನು ಸಂಖ್ಯೆಗೆ ಕಟ್ಟಲೇಬೇಡಿ, ಅಕ್ಷರಗಳ ಸಾಲಿಗೇ ಕಟ್ಟಿ, ಒಂದೊಂದು ಕೀಗೂ ಒಳಗೆ ಹೋಗಲಿ. ಅದು ಸಂಖ್ಯೆ ಹೌದಾ, ಮಿತಿಯಲ್ಲಿದೆಯಾ ಅನ್ನೋದನ್ನು ನಿಮ್ಮ ಕೋಡ್‌ನಲ್ಲಿ ನೀವೇ ನೋಡಿ. ಎರಡನೇದರಲ್ಲಿ ಕೆಲಸ ಸ್ವಲ್ಪ ಜಾಸ್ತಿ. ಜೀವಕ್ಕೆ ಸಂಬಂಧಪಟ್ಟ ಅಂಕಿ ಆದರೆ ನಾನು ಅದನ್ನೇ ಆರಿಸ್ಕೋತೀನಿ.

ಖಾಲಿ ಬಾಕ್ಸ್ ಖಾಲಿ ಅಲ್ಲ

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಇದೆ. ತಪ್ಪು ರೋಗಿಯ ಫಾರ್ಮ್‌ನಲ್ಲಿ ಅಂಕಿ ಹಾಕಿಬಿಟ್ಟೆ ಅಂತ ಬಾಕ್ಸ್ ಪೂರ್ತಿ ಅಳಿಸಿ ಖಾಲಿ ಬಿಟ್ಟರು ಅಂದುಕೊಳ್ಳಿ. ಒಳಗಿರೋದು ಡಬಲ್, ಅಂದರೆ ಕಡ್ಡಾಯವಾಗಿ ಒಂದು ಸಂಖ್ಯೆ. ಖಾಲಿ ಸಾಲನ್ನು ಸಂಖ್ಯೆ ಮಾಡೋಕೆ ಬರಲ್ಲ. ಡಬ್ಲ್ಯೂಪಿಎಫ್ ಬಾಕ್ಸ್ ಸುತ್ತ ತೆಳುವಾದ ಕೆಂಪು ಗೆರೆ ಎಳೆಯುತ್ತೆ, ಅಷ್ಟೇ. ಒಳಗೆ ಹಳೇ ಅಂಕಿ ಹಾಗೇ ಇರುತ್ತೆ. ಕೆಂಪು ಗೆರೆ ನೋಡದೆ ಸೇವ್ ಒತ್ತಿದರೆ, ಸೇವ್ ಬರೆದವರು ಫಾರ್ಮ್‌ನಲ್ಲಿ ದೋಷ ಇದೆಯಾ ಅಂತ ಕೇಳದೇ ಇದ್ದರೆ, ಅಳಿಸಿದ ಅಂಕಿ ಸೇವ್ ಆಗುತ್ತೆ. "ಇಲ್ಲ" ಅನ್ನೋದಕ್ಕೂ ಜಾಗ ಇರೋ ನಲ್ಲಬಲ್ ಸಂಖ್ಯೆ ಬಳಸಿ, ಟಾರ್ಗೆಟ್ ನಲ್ ವ್ಯಾಲ್ಯೂ ಅನ್ನೋದಕ್ಕೆ ಖಾಲಿ ಸಾಲು ಕೊಟ್ಟರೆ ಇದು ಬಗೆಹರಿಯುತ್ತೆ.

ಅಮೆರಿಕದ ತಾರೀಖು

ಇದು ನಮ್ಮ ಕಡೆಯವರಿಗೆ ಖಾಸಾ ತೊಂದರೆ. ನಿಮ್ಮ ವಿಂಡೋಸ್‌ನಲ್ಲಿ ಪ್ರದೇಶ ಭಾರತ ಅಂತ ಇದೆ, ತಾರೀಖು ದಿನ-ತಿಂಗಳು-ವರ್ಷ ಅಂತ ಕಾಣುತ್ತೆ, ರೂಪಾಯಿ ಚಿಹ್ನೆ ಬರುತ್ತೆ. ಡಬ್ಲ್ಯೂಪಿಎಫ್ ಬೈಂಡಿಂಗ್ ಇದ್ಯಾವುದನ್ನೂ ನೋಡಲ್ಲ. ನೀವು ಬೇರೆ ಹೇಳೋ ತನಕ ಪ್ರತಿ ಬಾಕ್ಸಿನ ಭಾಷೆಯೂ ಅಮೆರಿಕದ ಇಂಗ್ಲಿಷ್.

ಹಣದ ಪ್ರಾಪರ್ಟಿಯನ್ನು ಕರೆನ್ಸಿ ಅಂತ ತೋರಿಸು ಅಂದರೆ 1,25,000 ಬರಲ್ಲ, $125,000.00 ಬರುತ್ತೆ. ಡಾಲರ್ ನೋಡಿದ ತಕ್ಷಣ ಯಾರಾದರೂ ನಕ್ಕು ಸರಿಮಾಡ್ತಾರೆ, ಅದರಿಂದ ಅಪಾಯ ಇಲ್ಲ. ಅಪಾಯ ಇರೋದು ತಾರೀಖಿನಲ್ಲಿ. ಟೆಕ್ಸ್ಟ್ ಬಾಕ್ಸನ್ನು ನೇರವಾಗಿ ತಾರೀಖಿಗೆ ಕಟ್ಟಿದ್ದೀರಿ, ಏಪ್ರಿಲ್ 3 ಅನ್ನೋಕೆ ಆಪರೇಟರ್ 3/4/2025 ಅಂತ ಟೈಪ್ ಮಾಡಿದರು. ಒಳಗೆ ಹೋಗೋದು ಮಾರ್ಚ್ 4. ಇನ್ನೂ ವಿಚಿತ್ರ ಏನಂದ್ರೆ, ಅದನ್ನು ಮತ್ತೆ ಪರದೆಗೆ ತಂದಾಗಲೂ ಅಮೆರಿಕದ ಕ್ರಮದಲ್ಲೇ ತೋರಿಸೋದ್ರಿಂದ 3/4/2025 ಅಂತಲೇ ಕಾಣುತ್ತೆ. ತಪ್ಪಾಗಿ ಒಳಗೆ ಹೋಗಿದ್ದು ಅದೇ ತಪ್ಪಿನಿಂದ ಹೊರಗೆ ಬಂದು ಸರಿಯಾಗಿ ಕಾಣುತ್ತೆ. ತಿಂಗಳ 13ನೇ ತಾರೀಖಿನ ತನಕ ಯಾರಿಗೂ ಸುಳಿವು ಸಿಗಲ್ಲ. 13/4 ಅಂತ ಟೈಪ್ ಮಾಡಿದಾಗ ಹದಿಮೂರನೇ ತಿಂಗಳು ಇಲ್ಲ ಅಂತ ಕೆಂಪು ಗೆರೆ ಬರುತ್ತೆ. ಆಗ ಆಪರೇಟರ್ "ಸಾಫ್ಟ್‌ವೇರ್ ಯಾಕೋ ತಗೋತಿಲ್ಲ ಸಾರ್" ಅಂತ ಫೋನ್ ಮಾಡ್ತಾರೆ. ಅಷ್ಟರಲ್ಲಿ ಹನ್ನೆರಡು ದಿನದ ದಾಖಲೆ ಒಳಗೆ ಹೋಗಿರುತ್ತೆ. ಅದರಲ್ಲಿ ಏಪ್ರಿಲ್ 4ರದ್ದು ಮಾತ್ರ ತಾನಾಗೇ ಸರಿ, ದಿನ ತಿಂಗಳು ಎರಡೂ 4 ಅನ್ನೋ ಕಾರಣಕ್ಕೆ.

ಇದಕ್ಕೆ ಪರಿಹಾರ ಸುಲಭ. ಪ್ರೋಗ್ರಾಂ ಶುರುವಾಗೋವಾಗ ಇಡೀ ಅಪ್ಲಿಕೇಶನ್‌ನ ಭಾಷೆಯನ್ನು ಕಂಪ್ಯೂಟರಿನ ಈಗಿನ ಸೆಟ್ಟಿಂಗ್‌ಗೆ ಹೊಂದಿಸೋ ಒಂದು ಸಾಲು ಇದೆ. ಅದನ್ನು ಮೊದಲ ದಿನವೇ ಬರೆದುಬಿಡಿ.

ಹೆಸರು ತಪ್ಪಿದರೆ ಮೌನ

ಝ್ಯಾಮಲ್‌ನಲ್ಲಿ ಪ್ರಾಪರ್ಟಿಯ ಹೆಸರಲ್ಲಿ ಒಂದು ಅಕ್ಷರ ತಪ್ಪಿತು ಅಂದುಕೊಳ್ಳಿ. ಸಿ ಶಾರ್ಪ್ ಕೋಡ್‌ನಲ್ಲಿ ಆಗಿದ್ದರೆ ಕಂಪೈಲರ್ ಬೈದು ನಿಲ್ಲಿಸ್ತಿತ್ತು. ಇಲ್ಲಿ ಪ್ರೋಗ್ರಾಂ ಬಿಲ್ಡ್ ಆಗುತ್ತೆ, ಓಡುತ್ತೆ, ಕ್ರ್ಯಾಶ್ ಆಗಲ್ಲ. ಆ ಬಾಕ್ಸ್ ಖಾಲಿ ಇರುತ್ತೆ, ಅಷ್ಟೇ. ವಿಷುಯಲ್ ಸ್ಟುಡಿಯೋದ ಔಟ್‌ಪುಟ್ ಕಿಟಕಿಯಲ್ಲಿ ಎರರ್ 40 ಅಂತ ಶುರುವಾಗಿ "ಪಾತ್ ಎರರ್" ಅಂತ ಒಂದು ಉದ್ದದ ಸಾಲು ಬಿದ್ದಿರುತ್ತೆ. ಅದು ಕಾಣೋದು ಡೆವಲಪರ್‌ಗೆ, ಅವರು ನೋಡಿದರೆ. ಲ್ಯಾಬ್‌ನಲ್ಲಿ ವಿಷುಯಲ್ ಸ್ಟುಡಿಯೋ ಇರಲ್ಲ. ವಿಷುಯಲ್ ಸ್ಟುಡಿಯೋದ ಈಚಿನ ಆವೃತ್ತಿಗಳಲ್ಲಿ ಬೈಂಡಿಂಗ್ ದೋಷಗಳಿಗೇ ಒಂದು ಕಿಟಕಿ ಬಂದಿದೆ, ಅದನ್ನು ಯಾವಾಗಲೂ ತೆರೆದಿಡಿ. ದೂರುಗಳನ್ನು ಲಾಗ್ ಫೈಲ್‌ಗೆ ಬರೆಸೋ ವ್ಯವಸ್ಥೆಯೂ ಇದೆ.

ಫೀಲ್ಡ್‌ಗೆ ಬೈಂಡ್ ಮಾಡೋಕೆ ಹೋದರೂ ಇದೇ ಮೌನ. ಡಬ್ಲ್ಯೂಪಿಎಫ್‌ಗೆ ಪಬ್ಲಿಕ್ ಪ್ರಾಪರ್ಟಿಯೇ ಬೇಕು. ಗೆಟ್, ಸೆಟ್ ಇಲ್ಲದ ಬರೀ ವೇರಿಯಬಲ್ ಕೊಟ್ಟರೆ ಖಾಲಿ ಬಾಕ್ಸ್. ಕಾಲೇಜಿನ ಪ್ರಾಜೆಕ್ಟ್ ರಾತ್ರಿಗಳು ಎಷ್ಟೋ ಇದರಲ್ಲೇ ಕಳೆದುಹೋಗಿವೆ.

ಒಂದು ಎಚ್ಚರಿಕೆ. ಖಾಲಿ ಕಾಣೋದು ಚೆನ್ನಾಗಿರಲ್ಲ ಅಂತ ಕೆಲವರು ಫಾಲ್‌ಬ್ಯಾಕ್ ವ್ಯಾಲ್ಯೂ 0 ಅಂತ ಕೊಡ್ತಾರೆ. ಬೈಂಡಿಂಗ್ ತಪ್ಪಿದಾಗ ಆ 0 ಕಾಣುತ್ತೆ. ಖಾಲಿ ಬಾಕ್ಸ್ ನೋಡಿ ಯಾರಾದರೂ "ಇದೇನಿದು" ಅಂತ ಕೇಳಬಹುದಿತ್ತು. 0 ನೋಡಿದವರು ಪರೀಕ್ಷೆಯ ಫಲಿತಾಂಶವೇ ಸೊನ್ನೆ ಅಂದುಕೊಳ್ತಾರೆ.

ಫೋನ್ ಆ್ಯಪ್ ಬರೆಯೋರಿಗೆ

ಕೇಳುಗರಲ್ಲಿ ತುಂಬಾ ಜನ ಆಂಡ್ರಾಯ್ಡ್ ಕಲೀತಾ ಇರ್ತೀರಿ. ನಿಮಗೆ ಇದೆಲ್ಲ ಅರ್ಧ ಗೊತ್ತಿರೋ ಹಾಗೆ, ಅರ್ಧ ಉಲ್ಟಾ ಇರೋ ಹಾಗೆ ಅನ್ನಿಸ್ತಿರಬಹುದು. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಟೆಕ್ಸ್ಟ್ ಫೀಲ್ಡ್‌ಗೆ ನೀವು ಸಾಮಾನ್ಯವಾಗಿ ವ್ಯಾಲ್ಯೂ ಕೊಡ್ತೀರಿ, ಬದಲಾದಾಗ ಏನು ಮಾಡಬೇಕು ಅಂತ ಒಂದು ಫಂಕ್ಷನ್ ಕೊಡ್ತೀರಿ. ಆ ಫಂಕ್ಷನ್‌ನಲ್ಲಿ ಸ್ಟೇಟ್ ಬದಲಾಯಿಸೋದು ಮರೆತರೆ ಏನಾಗುತ್ತೆ? ಕೀಬೋರ್ಡ್ ಎಷ್ಟು ಕುಟ್ಟಿದರೂ ಅಕ್ಷರ ಮೂಡಲ್ಲ. ಹೊಸಬರಿಗೆ ಇದು ಕಿರಿಕಿರಿ. ಆದರೆ ಅದರ ಅರ್ಥ, ಅಲ್ಲಿ ಪರದೆ ತೋರಿಸೋದು ಒಳಗಿರೋದನ್ನು ಮಾತ್ರ. ಒಳಗೆ ಹೋಗದೇ ಇರೋ 7.2 ಪರದೆ ಮೇಲೆ ಕಾಣೋಕೆ ಸಾಧ್ಯ ಇಲ್ಲ. 2013ರಲ್ಲಿ ಬಂದ ರಿಯಾಕ್ಟ್ ವೆಬ್‌ನಲ್ಲಿ ಈ ಏಕಮುಖ ದಾರಿಯನ್ನು ಜನಪ್ರಿಯ ಮಾಡ್ತು, ಫೋನ್ ಕಡೆಗೂ ಅದೇ ಯೋಚನೆ ಹರಿದು ಬಂತು.

ಹಾಗಂತ ಡಬ್ಲ್ಯೂಪಿಎಫ್ ಕೊಟ್ಟಿದ್ದು ಕಡಿಮೆ ಅಲ್ಲ. ಪರದೆ ಒಂದು ಕಡೆ, ಪರದೆಗೆ ಬೇಕಾದ ಡೇಟಾ ಮತ್ತು ನಡೆ ಇನ್ನೊಂದು ಕಡೆ, ಮಧ್ಯೆ ಬೈಂಡಿಂಗ್ ಅನ್ನೋ ವಿನ್ಯಾಸಕ್ಕೆ ಎಂವಿವಿಎಂ ಅಂತಾರೆ. ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ 2005ರಲ್ಲಿ ಅದನ್ನು ವಿವರಿಸಿ ಬರೆದರು. ನೀವು ಆಂಡ್ರಾಯ್ಡ್‌ನಲ್ಲಿ ವ್ಯೂ ಮಾಡೆಲ್ ಅಂತ ದಿನಾ ಬರೀತೀರಲ್ಲ, ಆ ಹೆಸರು ಬಂದಿದ್ದು ಅಲ್ಲಿಂದ. ಪರದೆ ತೆರೆಯದೇ, ಮೌಸ್ ಮುಟ್ಟದೇ, ಎಣಿಕೆ 4.0 ಮಾಡಿದಾಗ ಎಂಸಿವಿ 90 ಆಗುತ್ತಾ, ಕೂಗುತ್ತಾ ಅಂತ ಟೆಸ್ಟ್ ಬರೆಯೋಕೆ ಆಗೋದು ಈ ವಿಂಗಡಣೆಯಿಂದ.

ಕೊನೆಗೆ ಒಂದು ಚಿಕ್ಕ ಪರೀಕ್ಷೆ ಹೇಳ್ತೀನಿ. ಕೋಡ್ ಬರೋರೂ ಮಾಡಬಹುದು, ಕೌಂಟರ್‌ನಲ್ಲಿ ಕೂತು ಟೈಪ್ ಮಾಡೋ ನಿಮ್ಮ ಅಕ್ಕನೋ ಅಣ್ಣನೋ ಕೂಡ ಮಾಡಬಹುದು. ಟ್ರಯಲ್ ದಾಖಲೆ ಒಂದನ್ನು ತೆರೆಯಿರಿ. ಯಾವುದಾದರೂ ಬಾಕ್ಸ್‌ನಲ್ಲಿ ಅಂಕಿ ಬದಲಾಯಿಸಿ. ಬೇರೆಲ್ಲೂ ಕ್ಲಿಕ್ ಮಾಡಬೇಡಿ, ಟ್ಯಾಬ್ ಒತ್ತಬೇಡಿ, ಕರ್ಸರ್ ಅಲ್ಲೇ ಇರಲಿ. ಮೇಲಿನ ಟೂಲ್‌ಬಾರ್‌ನ ಸೇವ್ ಒತ್ತಿ, ಅದು ಇಲ್ಲದಿದ್ದರೆ ಕಂಟ್ರೋಲ್ ಎಸ್. ಫಾರ್ಮ್ ಮುಚ್ಚಿ ಮತ್ತೆ ತೆರೆಯಿರಿ. ಹಳೇ ಅಂಕಿ ಬಂದರೆ, ಎರಡು ಸ್ಕ್ರೀನ್‌ಶಾಟ್ ತೆಗೆದು ಸಾಫ್ಟ್‌ವೇರ್ ಕೊಟ್ಟವರಿಗೆ ಕಳಿಸಿ. ಅವರು ಸರಿಮಾಡೋ ತನಕ ಸೇವ್‌ಗೆ ಮುಂಚೆ ಒಂದು ಸಲ ಟ್ಯಾಬ್ ಒತ್ತೋದನ್ನು ಅಭ್ಯಾಸ ಮಾಡಿಕೊಳ್ಳಿ.